ಸುರ್ಕಿ

ಗಾಂಧಿ ಚೌಕದ ಹಿಂದೆ, ಬೈಂಡಿಂಗ್ ಅಂಗಡಿಯ ಮೇಲೆ ನನ್ನ ಕೋಣೆ.
ಕೆಳಗೆ ಅಂಟು ಬೇಯುವ ವಾಸನೆ,
ಮೇಲೆ ಇಪ್ಪತ್ತನಾಲ್ಕು ಸಾಲಿನ ಹಾಳೆ,
ನಲವತ್ತು ವಾದ್ಯಗಳಿಗೆ ನಾನೊಬ್ಬಳೇ ಮೇಸ್ತ್ರಿ.
ಮಾತ್ರೆ ಎಣಿಸುವುದು ಮಾತ್ರ ಇನ್ನೂ ಮುತ್ತಜ್ಜಿಯ ಮಾತಿನಲ್ಲಿ:
ಒಣ್ಣು, ರೆಂಡು, ಮೂಣು...
ನಾಲ್ಕಕ್ಕೆ ಬರುವಷ್ಟರಲ್ಲಿ ನಾಲಗೆ
ತಾನಾಗಿ ಹೊಸ್ತಿಲು ದಾಟಿರುತ್ತದೆ.

ಧರ್ಮಪುರಿ ಕಡೆಯವಳು ಚಿನ್ನತಾಯಿ.
ಕಟ್ಟೆ ಕೆಲಸಕ್ಕೆ ಆಳು ಬೇಕೆಂದು
ಮೇಸ್ತ್ರಿಗಳು ಊರೂರು ತಿರುಗಿದ ವರ್ಷ
ಗಂಡನ ಹಿಂದೆ ಹೊರಟಳು, ಹೊಳೆಯ ದಂಡೆ ಹಿಡಿದು.
ನೀರು ಕೆಳಗಿಳಿದು ಬರುತ್ತಿತ್ತು,
ಇವರು ಅದರ ಎದುರಿಗೆ ನಡೆದರು,
ಇಷ್ಟು ದಿನ ಕುಡಿದದ್ದು ಎಲ್ಲಿಂದ ಬರುತ್ತದೆಂದು
ನೋಡಿಯೇ ಬಿಡೋಣ ಎಂಬವರ ಹಾಗೆ.

ಹಾಜರಿ ಪುಸ್ತಕದಲ್ಲಿ ಗುಮಾಸ್ತ ಬರೆದುಕೊಂಡ:
ಚಿನ್ನಕ್ಕ, ಹೆಣ್ಣಾಳು, ಸುರ್ಕಿ.
ಆ ಹೆಸರಿಗೇ ಕೂಲಿ ಬಂತು,
ಆ ಹೆಸರಿಗೇ ಚಳಿಜ್ವರವೂ.
ಸುಟ್ಟ ಇಟ್ಟಿಗೆ ಕುಟ್ಟಬೇಕು, ಜರಡಿ ಹಿಡಿಯಬೇಕು,
ಸುಣ್ಣಕ್ಕೆ ಬೆರೆಯುವಷ್ಟು ನುಣ್ಣಗೆ.
ಅವಳ ಎದೆಹಾಲಿಗೂ ಇಟ್ಟಿಗೆಯ ರುಚಿ ಇತ್ತೆಂದು
ತಾತ ಹೇಳುತ್ತಿದ್ದ, ನೆನಪಿದ್ದವನ ಹಾಗೆ.

ತಾತ ಮಂಡ್ಯಕ್ಕೆ, ಸಕ್ಕರೆ ಕಾರ್ಖಾನೆಯ ಬಾಯ್ಲರಿಗೆ.
ಅಪ್ಪ ಮೈಸೂರಿಗೆ, ಪೊಲೀಸ್ ಬ್ಯಾಂಡಿನ
ಮೂರನೇ ಸಾಲಿನ ಕ್ಲಾರಿನೆಟ್ಟಿಗೆ.
ಅವನು ಹೋದ ಮೇಲೆ ಪೆಟ್ಟಿಗೆಯಲ್ಲಿ ಸಿಕ್ಕಿದ್ದು
ಒಂಬತ್ತು ರೀಡು,
ಎಲ್ಲವೂ ಒಂದೇ ಬದಿಗೆ ಸವೆದದ್ದು.

ಸುರ್ಕಿ ಕುಟ್ಟುವ ಭಾಗ ಮೊದಲು ಟಿಂಪನಿಗೆ ಕೊಟ್ಟೆ.
ದಸರೆಯ ಸವಾರಿ ಬಂದಂತಾಯಿತು. ಅಳಿಸಿದೆ.
ಚೆಲ್ಲೋ ತಂತಿ ಬೆರಳಲ್ಲಿ ಮೀಟಿಸಿದೆ.
ತೀರಾ ನಾಜೂಕು, ಬಳೆಯಂಗಡಿ. ಅದೂ ಹೋಯಿತು.
ಕಡೆಗೆ ಡಬಲ್ ಬಾಸಿನವರಿಗೆ ಬರೆದೆ:
ಕಮಾನು ಕೆಳಗಿಡಿ,
ಮರದ ಹೊಟ್ಟೆಗೆ ಅಂಗೈಯಲ್ಲಿ ಬಡಿಯಿರಿ.
ಅದರ ಮೇಲೆ ವಯೊಲಾ, ಓಬೋ, ಹಾರ್ನು,
ಕಟ್ಟೆ ಏರಿದ ಹಾಗೆ ವರಸೆಯ ಮೇಲೆ ವರಸೆ.
ಆ ರಾತ್ರಿ ನನಗೆ ನಾನೇ ಕಾಫಿ ಕೊಡಿಸಿದೆ.

ಗುತ್ತಲಿನಿಂದ ರಾಸಾತ್ತಿ ಅತ್ತೆ ಬಂದಳು,
ಎಂಬತ್ತೊಂದು ವಯಸ್ಸು,
ಚಿನ್ನತಾಯಿಯ ಮಗ್ಗುಲಲ್ಲೇ ಮಲಗಿ ಬೆಳೆದವಳು.
ಕಂಪ್ಯೂಟರಿನಲ್ಲಿ ನುಡಿಸಿ ಕೇಳಿಸಿದೆ.
ಎಲೆಯಡಿಕೆಯನ್ನು ದವಡೆಯಿಂದ ದವಡೆಗೆ ಸರಿಸಿ ಅಂದಳು:
"ಇಷ್ಟು ಜೋರಾಗಿ ಯಾವಳು ಕುಟ್ತಾಳವ್ವಾ?
ದಿನಗೂಲಿ ಕಣೆ ಅದು.
ಹೊತ್ತು ಮುಳುಗೋಗಂಟ ತೋಳು ಉಳೀಬೇಡ್ವಾ?
ಮೇಸ್ತ್ರಿ ಬಂದಾಗ ಚುರುಕು, ಹೋದಾಗ ನಿಧಾನ.
ಅಷ್ಟೂ ಗೊತ್ತಿಲ್ದೆ ಏನು ಬರ್ದೆ?"

ನಿಮಿಷಕ್ಕೆ ತೊಂಬತ್ತಾರು ಇದ್ದದ್ದನ್ನು
ಐವತ್ತೆರಡಕ್ಕೆ ಇಳಿಸಿದೆ.
ಅಂಚಿನಲ್ಲಿ ಸೂಚನೆ ಬರೆದೆ:
ನಿರ್ದೇಶಕರು ನಿಮ್ಮತ್ತ ನೋಡಿದರೆ ಚುರುಕಾಗಿ;
ಅವರು ಪುಟ ತಿರುಗಿಸುವಾಗ, ನಿಮ್ಮ ತೋಳಿಗೆ ಬಂದಂತೆ.

ಚಪ್ಪಲಿ ಮೆಟ್ಟಿಕೊಳ್ಳುತ್ತಾ, ಬಾಗಿಲಲ್ಲಿ, ಮತ್ತೆ ಅತ್ತೆ:
"ಇವರು ಬರೋವಾಗ ಎದುರ್ಗಡೆಯಿಂದ ಗಾಡಿಗಳು ಬತ್ತಿದ್ದೋವಂತೆ.
ಊರು ಮುಳುಗ್ತದೆ ಅಂತ ಹೊಂಟೋರು.
ಬಾಗಿಲು, ತೊಲೆ, ಬೀಸೋಕಲ್ಲು ಎಲ್ಲಾ ಹೇರ್ಕೊಂಡು.
ಅವ್ವ ದಾರಿ ಬಿಟ್ಟು ನಿಂತ್ಳಂತೆ.
ಗಾಡಿ ಮ್ಯಾಲಿನ ಒಬ್ಬಳು, ಎಲ್ಲಿಗೆ, ಅಂದ್ಳು.
ಇವಳಿಗೆ ಗೊತ್ತಿದ್ದ ಕನ್ನಡ ಒಂದೇ ಒಂದು ಪದ:
ಕನ್ನಂಬಾಡಿ.
ಅವಳು ಕೈ ಎತ್ತಿ ದಾರಿ ತೋರಿಸಿದ್ಳಂತೆ.
ಅವಳದೇ ಊರು ಅದು."

ಎಂಟು ದಿನವಾಯಿತು.
ಓಬೋ ಆ ಕೈಯನ್ನು ಎತ್ತಲಾರದು.
ಹಾರ್ನು ಕ್ಷಮೆ ಕೇಳುತ್ತದೆ, ಅವಳು ಕೇಳಿಸಿಕೊಳ್ಳುವುದಿಲ್ಲ.
ಅಪ್ಪನ ರೀಡು ತುಟಿಗಿಟ್ಟು ಊದಿದರೆ
ಬರೀ ಗಾಳಿ,
ಗಾಡಿಗಳು ಹೋದ ಮೇಲಿನ ಧೂಳಿನಂಥದ್ದು.
ಅದನ್ನೇ ಬರೆದುಕೊಂಡೆ. ಆಮೇಲೆ ಹೊಡೆದು ಹಾಕಿದೆ.

ಮೆಟ್ಟಿಲ ಬುಡದಿಂದ ಬೈಂಡಿಂಗ್ ಹುಡುಗನ ಕೂಗು:
ಮೇಡಂ, ಹೊಲಿಗೆ ಹಾಕಲಾ?
ಎರಡು ಹಾಳೆ ಖಾಲಿ ಇವೆಯಲ್ಲ,
ಕಿತ್ತುಬಿಡಲಾ?

ತಾಳಪ್ಪ.
ಒಣ್ಣು, ರೆಂಡು, ಮೂಣು