ಹತ್ತಕ್ಕೆ ಎಷ್ಟು

ಎರಡನೇ ವರ್ಷದ ಎಂಬಿಎ, ಊಟದ ನಂತರದ ಕ್ಲಾಸು.
ಕಿಟಕಿಯಾಚೆ ದಾವಣಗೆರೆಯ ಬಿಸಿಲು
ಮುಚ್ಚಿದ ಹತ್ತಿ ಮಿಲ್ಲಿನ ಚಿಮಣಿಗೆ ಒರಗಿ ತೂಕಡಿಸುತ್ತಿದೆ.
ಇವತ್ತಿನ ಪಾಠ: ಕರುಣೆಯಿಂದ
ಒಬ್ಬನನ್ನು ಕೆಲಸದಿಂದ ತೆಗೆಯುವುದು ಹೇಗೆ.

ಅಂಕಪಟ್ಟಿ ನಾನೇ ಮಾಡಿದ್ದು.
ಕಣ್ಣಲ್ಲಿ ಕಣ್ಣಿಟ್ಟರೆ ಎರಡು, ಹೆಸರು ಹಿಡಿದು ಕರೆದರೆ ಎರಡು,
ನಡುವಿನ ಮೌನಕ್ಕೆ ಮೂರು,
ಆಗ ಗಡಿಯಾರ ನೋಡಿದರೆ ಒಂದು ಕಡಿತ,
ಉಳಿದದ್ದು ದನಿಗೆ.

ಕೆಲಸ ಕಳಕೊಳ್ಳುವವನ ಪಾತ್ರಕ್ಕೆ ಯಾರೂ ಏಳಲಿಲ್ಲ.
ಪ್ರೊಜೆಕ್ಟರಿನ ವೈರು ಸರಿಮಾಡುತ್ತಿದ್ದ ಪಾಲಾಕ್ಷಪ್ಪನನ್ನೇ
ಕುರ್ಚಿಗೆ ಕೂರಿಸಿದೆವು. ತುದಿಯಲ್ಲಿ ಕೂತ,
ಕಟಿಂಗಿಗೆ ಬಂದವನಂತೆ ಕತ್ತು ಕೊಟ್ಟು.

ವಾಗೀಶ ಚೆನ್ನಾಗೇ ಮಾಡಿದ. ಕಣ್ಣು, ಹೆಸರು, ಮೌನ;
ದನಿಗೆ ಈ ಊರಿನ ಬೆಣ್ಣೆಯನ್ನೇ ಸವರಿದ್ದ.
"ಏನಾದರೂ ಕೇಳುವುದಿದೆಯಾ?" ಎಂದ ಕೊನೆಗೆ, ಹೇಳಿಕೊಟ್ಟ ಹಾಗೇ.
ಪಾಲಾಕ್ಷಪ್ಪ ಅಂಗೈ ಉಜ್ಜಿಕೊಂಡ.
"ಎಲ್ಲ ಸರಿ ಐತ್ರಿ. ಇದನ್ನ ಮನ್ಯಾಗೆ ಹೇಳೋರು ಯಾರು?"

ಹಿಂದಿನ ಬೆಂಚು ನಕ್ಕಿತು. ನಗು ಅರ್ಧಕ್ಕೇ ನಿಂತಿತು.

ಆಗ ಮುಬೀನಾ, ಕರೆಯದೆ ಎಂದೂ ಬಾಯಿ ಬಿಡದ ಹುಡುಗಿ:
"ನಮ್ಮ ಅಬ್ಬಾ ಮಂಡಕ್ಕಿ ಭಟ್ಟೀಲಿದ್ರು, ಮೇಡಂ.
ಭಟ್ಟಿ ನಿಂತಾಗ ಸಾಹುಕಾರರು ಮನೇಗೇ ಬಂದ್ರು.
ಚಾಪೆ ಹಾಸೋಕೂ ಬಿಡದೆ ನೆಲಕ್ಕೆ ಕೂತು
ಅಮ್ಮೀಗೆ ತಾವೇ ಹೇಳಿದ್ರು.
ಬಿಳೀ ಪಂಚೆಗೆಲ್ಲಾ ನಮ್ಮ ಮನೆ ಮಸಿ.
ಅಮ್ಮೀ ಚಾ ಕೊಟ್ಟಳು, ಮಾಫ್ ಮಾಡಲಿಲ್ಲ.
ಲೋಟ ಖಾಲಿಯಾಗೋವರೆಗೂ ಅವರು ಏಳಲಿಲ್ಲ.
ಇದಕ್ಕೆ ಹತ್ತಕ್ಕೆ ಎಷ್ಟು?"

ಯಾರೋ ಐದು ಎಂದರು, ಯಾರೋ ಒಂಬತ್ತು.
ಕೆಲಸವಂತೂ ಹೋಯಿತಲ್ಲ, ಎಂದ ವಾಗೀಶ, ಸಣ್ಣಗೆ,
ಈ ಸಲ ದನಿಯಲ್ಲಿ ಬೆಣ್ಣೆಯಿಲ್ಲ.
ನನ್ನ ಪೆನ್ನು ಅಂಕಪಟ್ಟಿಯ ಅಂಚಲ್ಲಿ
ಒಂದು ಚುಕ್ಕಿಯಿಟ್ಟು ಅದನ್ನೇ ದಪ್ಪ ಮಾಡುತ್ತ ಕೂತಿತು.

ಗಂಟೆ ಹೊಡೆಯಿತು. ಬ್ಯಾಗು, ಬೈಕಿನ ಕೀ, ಖಾಲಿ ಬೆಂಚು.

ನನ್ನ ಟೇಬಲ್ಲಿನ ಡ್ರಾದಲ್ಲಿ, ಯಾರಿಗೂ ಹೇಳಿಲ್ಲ,
ಆಡಳಿತ ಮಂಡಳಿಯ ಕಾಗದವೊಂದಿದೆ:
ಗುತ್ತಿಗೆಯ ಐವರಲ್ಲಿ ಇಬ್ಬರು ಸಾಕು.
ಮೂರು ಹೆಸರು ನಾನು ಬರೆಯಬೇಕು, ಶನಿವಾರದೊಳಗೆ.

ಪಾಲಾಕ್ಷಪ್ಪ ವೈರು ಸುತ್ತುತ್ತಿದ್ದ,
ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಅಂಗೈಗೆ.
ಹನ್ನೊಂದು ವರ್ಷದಲ್ಲಿ ಕೇಳಿರಲಿಲ್ಲ, ಕೇಳಿದೆ:
"ನಿಮ್ಮ ಮನೆ ಎಲ್ಲಿ ಬರುತ್ತೆ, ಪಾಲಾಕ್ಷಪ್ಪ?"

ಸುತ್ತುವ ಕೈ ನಿಂತಿತು.
"ಮನಿ ಯಾಕ್ರಿ ಮೇಡಂ," ಅಂದ.