ಅರ್ಧ ಸೀಸೆ

ಕುಓಪಿಯೊದ ಸರೋವರ ಮಂಜಿನ ಕೆನೆ ಕಟ್ಟುತ್ತಿದ್ದ ವಾರ
ಇರ್ಮೆಲಿ ಬಂದಳು ನನ್ನ ಅತ್ತರಿನ ಅಂಗಡಿಗೆ.
ಹೂವು ಬೇಡ, ಅಂದಳು ಕೂರುವ ಮೊದಲೇ.
ನಮ್ಮ ಬೇಕರಿ ಸುಟ್ಟ ಮಾರನೆಯ ಬೆಳಗು ಬೇಕು.

ಬೆಂಕಿಯದಲ್ಲ, ಅದು ಎಲ್ಲರಿಗೂ ಗೊತ್ತು.
ಆಮೇಲಿನದು: ನೆನೆದ ಪೈನ್ ತೊಲೆ,
ಹಲಗೆ ಸಂದಿಗೆ ಹರಿದು ಗಾಜಾದ ಸಕ್ಕರೆ,
ಏಲಕ್ಕಿ ಡಬ್ಬಿ ಒಡೆದು
ಇಡೀ ಬೀದಿ ಹಬ್ಬದ ಹಾಗೆ ಘಮ್ಮೆಂದದ್ದು,
ನಾಚಿಕೆಯಿಲ್ಲದೆ.

ಬರ್ಚ್ ತೊಗಟೆಯ ಟಾರು, ಮೂರು ಹನಿ.
ತಳ ಹಿಡಿದ ಹಾಲು. ವೆನಿಲ್ಲಾ, ಚೂರೇ ಚೂರು.
ಮೊದಲ ಸಲ ಮೂಸಿ, ಇದು ಸೌನಾ, ಅಂದಳು.
ಎರಡನೆಯ ಸಲ, ಇದು ಮಿಠಾಯಿ.
ಐದನೆಯ ಸಲ ಏನೂ ಅನ್ನಲಿಲ್ಲ,
ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡು ಎದ್ದಳು.

ಸೀಸೆ ಅವಳಿಗಲ್ಲವಂತೆ. ಅಣ್ಣ ಓಯ್ವನಿಗೆ.
ಆ ರಾತ್ರಿ ಒಲೆ ಕಾಯಬೇಕಿದ್ದವನು, ನಿದ್ದೆ ಹೋದವನು,
ಹತ್ತೊಂಬತ್ತು ವರ್ಷದಿಂದ ಉತ್ತರದ ಯಾವುದೋ ಬಂದರಿನಲ್ಲಿ
ಮೀನಿನ ಪೆಟ್ಟಿಗೆ ಎಣಿಸುತ್ತಿರುವವನು.
ಕಾಗದ ಬರೆಯಲಿಲ್ಲ. ವಿಳಾಸ ಮಾತ್ರ.
ಇದು ಕ್ಷಮೆಯೋ ಹಗೆಯೋ, ಕೇಳಲಿಲ್ಲ ನಾನು;
ಅಂಚೆ ಖರ್ಚೂ ಸೇರಿಸಿ ಬಿಲ್ಲು ಕೊಟ್ಟೆ.

ಮೇ ತಿಂಗಳಲ್ಲಿ ಪೊಟ್ಟಣ ವಾಪಸು ಬಂತು.
ಅದರಲ್ಲೂ ಕಾಗದವಿಲ್ಲ. ಸೀಸೆ ಅರ್ಧ ಖಾಲಿ.
ಚೆಲ್ಲಿರಬೇಕು, ಅಂದಳು, ದೀಪಕ್ಕೆ ಹಿಡಿದು.
ಚೆಲ್ಲಿದ್ದರೆ ರಟ್ಟಿಗೆ ಕಲೆಯಾದರೂ ಇರುತ್ತಿತ್ತು.

ದಿನಕ್ಕೊಂದು ಹನಿ ಮಣಿಕಟ್ಟಿಗೆ ಹಚ್ಚಿದರೆ
ಇಷ್ಟು ಇಳಿಯಲು ಎಷ್ಟು ದಿನ, ಕೇಳಿದಳು.
ಬೆರಳು ಮಡಿಸಿ ಲೆಕ್ಕ ಹಾಕಿ ಹೇಳಿದೆ:
ಇಡೀ ಒಂದು ಚಳಿಗಾಲ.