ಪೆಟ್ಟಿಗಿ ನಂಬರ್ ಹದಿನಾಲ್ಕು

ಎಂ.ಎಸ್ಸಿ. ಮೊದಲನೇ ವರ್ಷ, ಸೋಮವಾರದ ಪ್ರಾಕ್ಟಿಕಲ್.
ಕಿಟಕಿ ಆಚೆ ಧಾರವಾಡದ ಜಿಟಿಜಿಟಿ,
ಕ್ಯಾಂಪಸ್ಸಿನ ಏರಿಗೆ ತೇಕಕೋತ ಬರೋ ಸಿಟಿ ಬಸ್ಸು.
ಅಡಿವೆಪ್ಪ ಕೀಲಿ ತಗದು ಪೆಟ್ಟಿಗಿ ಇಳಸ್ತಾನ
ಎರಡೂ ಕೈಲೆ, ತುಂಬಿದ ಕೊಡ ಇಳಿಸಿದಂಗ.
"ಹಗೂರ್ಕ ತಂಗಿ, ಈಕಿ ಭಾಳ ಹಳಬಾಕಿ."

ಈಕಿ.
ರಜಿಸ್ಟರದಾಗ ಹೆಸರಿಲ್ಲ.
'ಹೆಣ್ಣು, ಪ್ರೌಢ, ಮೂಲ ತಿಳಿಯದು'
ಮಾಸಿದ ಮಸಿಯೊಳಗ ಯಾರದೋ ದುಂಡನ ಅಕ್ಷರ.
ಹೆಣ್ಣು ಅನ್ನೂದು ಖರೆ:
ಟೊಂಕದೆಲುಬಿನ ಕಚ್ಚಿನ್ಯಾಗ ನನ್ನ ಹೆಬ್ಬೆರಳು
ಅತ್ತಿತ್ತ ಆರಾಮ ಹೊರಳತೈತಿ.
ತಲಿಬುರುಡಿ ಹೊಲಿಗಿ ಅಲ್ಲಲ್ಲಿ ಕಾಣೂದಿಲ್ಲ,
ತೊಳದು ತೊಳದು ಕೌದಿ ದಾರ ಅಳಿಸಿದಂಗ.
ನಲವತ್ತು ದಾಟಿರಬೇಕು.

ಜುಲೇಖಾ ಅಳತಿ ಓದತಾಳ, ನಾ ಬರಕೋತೀನಿ.
ತೊಡಿ, ನಾಕನೂರಾ ಹನ್ನೊಂದು ಮಿಲಿಮೀಟರ್.
ಸೂತ್ರಕ್ಕ ಹಾಕಿದ್ರ ಎತ್ತರ ನನ್ನಷ್ಟ.
"ನಿನ್ನ ಚೂಡಿದಾರ ಈಕಿಗೆ ಬರೋಬ್ಬರಿ ಬರತಿತ್ತು"
ಅಂತ ನಕ್ಕು, ತಟ್ಟನ ಸುಮ್ಮನಾದ್ಲು.

ಆಮ್ಯಾಲ ಕಣಕಾಲು.
ಪಾದಕ್ಕ ಕೂಡೋ ತುದಿ, ಮುಂದಿನ ಅಂಚಿನ್ಯಾಗ
ನುಣುಪಾದ ಒಂದು ತಗ್ಗು, ಅವರಿಕಾಳಿನಷ್ಟು.
ಪುಸ್ತಕದಾಗ ಇದಕ್ಕ ಉದ್ದನ ಹೆಸರೈತಿ.
ಅರ್ಥ ಇಷ್ಟ: ಕುಕ್ಕರಗಾಲಿಲೆ ಕುಂತಾಕಿ.
ಒಂದೆರಡು ದಿನ ಅಲ್ಲ,
ಎಲುಬು ಸೋತು ಜಾಗಾ ಬಿಟ್ಟು ಕೊಡೂತನಕ.

ಏನ ಮಾಡಕೋತ ಕುಂತಿದ್ಲು, ಅದನ್ನ ಎಲುಬು ಹೇಳೂದಿಲ್ಲ.
ರೊಟ್ಟಿ ಬಡದ್ಲೋ, ಸಂತ್ಯಾಗ ಮೆಂತೆ ಸಿವುಡು ಹರವಿದ್ಲೋ,
ದವಾಖಾನಿ ವರಾಂಡದಾಗ
ಯಾರದೋ ಸಲುವಾಗಿ ರಾತ್ರಿ ಕಳದ್ಲೋ.
ನನಗ ಕೊಟ್ಟ ಹಾಳಿಯೊಳಗ ಎರಡ ಖಾನೆ:
ಐತಿ, ಇಲ್ಲ.
ಐತಿ ಅನ್ನೂದಕ್ಕ ಗೀಟು ಹಾಕಿದೆ.

ಡಬ್ಬಿ ಉಂಡ ಮ್ಯಾಲ ಜುಲೇಖಾ ಅಂದ್ಲು, ನಾವೂ ಕುಂತು ನೋಡೂಣು.
ಫರಸಿ ಮ್ಯಾಲ ಇಬ್ಬರೂ ಕುಂತಿವಿ.
ಹಿಮ್ಮಡ ನೆಲಾ ಮುಟ್ಟಲಿಲ್ಲ.
ಆಕಿ ಸ್ಟೂಲಿನ ಕಾಲು ಹಿಡದು ಹಿಂದಕ್ಕ ಉಳ್ಳಿದ್ಲು,
ನನ್ನ ಕಾಲು ಜುಂ ಹಿಡದಾವು, ಎರಡ ನಿಮಿಷಕ್ಕ.

ಅಡಿವೆಪ್ಪ ಬಾಗಲದಾಗ ನಿಂತು ನೋಡಿದ. ನಗಲಿಲ್ಲ.
ಪೆಟ್ಟಿಗಿ ಮುಂದ ಬಂದು ಕುಕ್ಕರಗಾಲಿಲೆ ಕುಂತ,
ನೀರು ಇಳಿದಂಗ ಸಲೀಸು,
ಒಂದೊಂದ ಎಲುಬು ಅರಬಿಲೆ ಒರಸಿ ಒಳಗ ಇಡಕೋತ.
ನಾ ಅವನ ಕಣಕಾಲ ನೋಡಾಕತ್ತಿದ್ದೆ.
ನೋಡಬಾರದಾಗಿತ್ತು.

"ಇಪ್ಪತ್ತಾರು ವರ್ಷ ಆತು ನಾ ಬಂದು," ಅಂದ, ಎಲುಬಿಗೆ ಹೇಳಿದಂಗ.
"ವರ್ಷಕ್ಕ ಒಬ್ಬರರ ಕೇಳತಾರ, ಈಕಿ ಯಾರಂತ.
ಪರೀಕ್ಷಾ ಮುಗದ ಮ್ಯಾಲ ಯಾರೂ ಕೇಳೂದಿಲ್ಲ."

ಎಣಿಸಿದ. ಮತ್ತೊಮ್ಮೆ ಎಣಿಸಿದ.
"ಎಡಗಾಲ ಕಿರಿಬೆರಳಿಂದೊಂದು ಕಮ್ಮಿ ಐತಿ ತಂಗಿ."
ಮೇಜಿನ ಕೆಳಗ ಹುಡುಕಿದಿವಿ, ರೆಕಾರ್ಡ್ ಬುಕ್ ಜಾಡಿಸಿದಿವಿ.

ಏಪ್ರನ್ ಕಿಸೇದಾಗ ಸಿಕ್ಕತು,
ಚೀಕಪೀಸಿನ ತುಂಡಿನ ಸಂಗಾಟ.
ಯಾವಾಗ ಹಾಕ್ಕೊಂಡಿದ್ನೋ.
ಅವನ ಅಂಗೈಯೊಳಗ ಇಡುವಾಗ ಗೊತ್ತಾತು,
ಇಷ್ಟೊತ್ತೂ ನನ್ನ ಮೈಗೆ ಹತ್ತಿ
ಅದು ಬೆಚ್ಚಗಾಗಿತ್ತು.